ಹೆಣ್ಣು ಹಂದಿ, ಗಂಡು ಹಂದಿ ಎರಡನ್ನೂ ಒಂದೇ ಫಾರ್ಮ್‌ನಿಂದ ತರಬೇಡಿ

ಹೊಸದಾಗಿ ಹಂದಿ ಸಾಕಣೆ ಶುರು ಮಾಡುವವರು ದಯವಿಟ್ಟು ಇದನ್ನು ಓದಿ. ಕಾಫಿ ಮಾರಿ ಕೂಡಿಟ್ಟ ದುಡ್ಡು, ಜೊತೆಗೆ ಒಂದು ವರ್ಷದ ಮೇಲಿನ ದುಡಿಮೆ, ಎರಡೂ ನನ್ನ ಕೈಬಿಟ್ಟು ಹೋದವು.

ನಮ್ಮದು ಸೋಮವಾರಪೇಟೆ ಕಡೆ. ಇಲ್ಲಿ ಹಂದಿ ಮಾಂಸಕ್ಕೆ ಗಿರಾಕಿ ಹುಡುಕಬೇಕಾಗಿಲ್ಲ, ಮರಿ ಸಿಕ್ಕರೆ ಸಾಕು. ದೂರದ ಒಂದು ಫಾರ್ಮ್‌ನಿಂದ 4 ತಿಂಗಳ 6 ಹೆಣ್ಣು, 1 ಗಂಡು ತಂದೆ. ಯಾರ್ಕ್‌ಷೈರ್ ತಳಿ. ಅಲ್ಲಿನವರು ಒಂದು ದೊಡ್ಡ ಹಂದಿ ತೋರಿಸಿ, "ಇದು ಒಂದೇ ಸಲಕ್ಕೆ 16 ಮರಿ ಹಾಕಿದೆ. ನಿಮಗೆ ಕೊಡ್ತಿರೋದೆಲ್ಲ ಇದರದ್ದೇ" ಅಂದರು. ಆ ಮಾತು ಕೇಳಿ ನನಗೆ ಖುಷಿಯಾಯಿತು. ಅಲ್ಲೇ ಎಚ್ಚರ ಆಗಬೇಕಿತ್ತು.

8 ತಿಂಗಳಿಗೆ ಬೆದೆಗೆ ಬಂದಾಗ ಅದೇ ಗಂಡು ಬಿಟ್ಟೆ. 114 ದಿನ ಕಾದೆ. ಒಂದು 5 ಮರಿ ಹಾಕಿತು, ಇನ್ನೊಂದು 6, ಮತ್ತೊಂದು 4. ಮೊದಲ ಸೂಲಿನಲ್ಲಿ ಮರಿ ಕಡಿಮೆ ಇರುತ್ತೆ ಅಂತ ಎಲ್ಲರೂ ಸಮಾಧಾನ ಹೇಳಿದರು. ಅದು ಸುಳ್ಳಲ್ಲ. ಆದರೆ ಆ ಸಮಾಧಾನವೇ ನನ್ನ ಐದೂವರೆ ತಿಂಗಳು ತಿಂದಿತು. ಎರಡನೇ ಸೂಲೂ ಹಾಗೇ ಆಯಿತು. ಹುಟ್ಟಿದ ಮರಿಗಳಲ್ಲಿ ಕೆಲವಕ್ಕೆ ಹೊಕ್ಕುಳ ಹತ್ತಿರ ಕರುಳು ಇಳಿದು ಗಂಟು ಕಟ್ಟಿತ್ತು. ಗಂಡು ಮರಿಗಳಿಗೆ ಬೀಜ ತೆಗೆಸುವಾಗ ಎರಡಕ್ಕೆ ಒಂದೊಂದೇ ಬೀಜ ಸಿಕ್ಕಿತು.

ಪಶುವೈದ್ಯರು ಬಂದವರು ಮರಿಗಳನ್ನು ನೋಡುವ ಮೊದಲೇ ಕೇಳಿದರು: "ಗಂಡು ಎಲ್ಲಿಂದ ತಂದ್ರಿ?" ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣ ತಂಗಿಯನ್ನ ಕೂಡಿಸಿದ್ದೀರಲ್ರೀ" ಅಂದರು.

ಅವರು ಬಿಡಿಸಿ ಹೇಳಿದ್ದು ಇದು. ಪ್ರತಿ ಹಂದಿಯಲ್ಲೂ ಒಂದಷ್ಟು ಕೆಟ್ಟ ಜೀನ್‌ಗಳು ಅಡಗಿರುತ್ತವೆ. ಜೀನ್‌ಗಳು ತಂದೆಯಿಂದ ಒಂದು, ತಾಯಿಯಿಂದ ಒಂದು ಅಂತ ಜೋಡಿಯಾಗಿ ಬರುತ್ತವೆ. ಜೋಡಿಯಲ್ಲಿ ಒಂದು ಒಳ್ಳೆಯದು ಇದ್ದರೆ ತೊಂದರೆ ಕಾಣುವುದಿಲ್ಲ. ಒಂದೇ ತಂದೆ ತಾಯಿಯ ಮರಿಗಳು ಕೂಡಿದರೆ ಅದೇ ಕೆಟ್ಟದ್ದು ಎರಡೂ ಕಡೆಯಿಂದ ಬಂದು ಸೇರುವ ಸಾಧ್ಯತೆ ಜಾಸ್ತಿ. ಎಷ್ಟೋ ಭ್ರೂಣ ಹೊಟ್ಟೆಯಲ್ಲೇ ಸಾಯುತ್ತವೆ. ಮೊದಲ ತಿಂಗಳಲ್ಲಿ ಸತ್ತರೆ ಕರಗಿಯೇ ಹೋಗುತ್ತವೆ, ಹೊರಗೆ ಏನೂ ಬೀಳುವುದಿಲ್ಲ. ನಮಗೆ ಕಾಣುವುದು ಕಡಿಮೆ ಮರಿ ಮಾತ್ರ.

ಮತ್ತೆ ಆ 16 ಮರಿ? ಮರಿಗಳ ಸಂಖ್ಯೆ ತಾಯಿಯಿಂದ ಮಗಳಿಗೆ ಇಳಿಯುವುದು ಬಹಳ ಕಡಿಮೆ. ಹಂದಿ ಹಂದಿಗೂ ಇರುವ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 10 ಪಾಲು ಮಾತ್ರ ಹಾಗೆ ಇಳಿಯುವಂಥದ್ದು. ಉಳಿದದ್ದು ಮೇವು, ವಯಸ್ಸು, ಬೆದೆಯ ಸರಿಯಾದ ಹೊತ್ತು, ಸೆಖೆ, ರೋಗ. ಬೆನ್ನಿನ ಕೊಬ್ಬು ಹಾಗಲ್ಲ, ಅದು ಚೆನ್ನಾಗಿ ಇಳಿಯುತ್ತದೆ. ಅದಕ್ಕೇ ಒಂದು ಹಂದಿಯ ಒಂದು ಸೂಲು ನೋಡಿ ಮರುಳಾಗಬೇಡಿ. ಮೂರು ನಾಲ್ಕು ಸೂಲಿನ ಲೆಕ್ಕ ಕೇಳಿ. ಅದರ ಅಕ್ಕತಂಗಿಯರದ್ದೂ, ಹೆಣ್ಣುಮಕ್ಕಳದ್ದೂ ಕೇಳಿ. ಬರೆದಿಟ್ಟಿಲ್ಲ ಅಂದರೆ ವಾಪಸ್ ಬನ್ನಿ.

"ಜೀನ್ ಟೆಸ್ಟ್ ಮಾಡಿದ ಹಂದಿ" ಅಂತ ಯಾರಾದರೂ ಜಾಸ್ತಿ ರೇಟು ಹೇಳಿದರೂ ಯೋಚಿಸಿ. ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನು ದೇಹದಲ್ಲಿ ಕೆಲಸ ಮಾಡಲು ಬೇಕಾದ ಈಸ್ಟ್ರೋಜನ್ ರಿಸೆಪ್ಟರ್ ಜೀನ್‌ನ ಒಂದು ರೂಪಕ್ಕೂ ಜಾಸ್ತಿ ಮರಿಗಳಿಗೂ ನಂಟಿದೆ ಅಂತ ಅಮೆರಿಕದ ವಿಜ್ಞಾನಿಗಳು 1996ರಲ್ಲಿ ಪ್ರಕಟಿಸಿದ್ದು ನಿಜ. ಚೀನಾದ ಮೇಶಾನ್ ತಳಿಯ ರಕ್ತ ಇದ್ದ ಹಂದಿಗಳಲ್ಲಿ ಅದು ಎದ್ದು ಕಂಡಿತ್ತು. ಆಮೇಲೆ ಎಲ್ಲ ತಳಿಗಳಲ್ಲೂ ಅದೇ ಫಲ ಸಿಗಲಿಲ್ಲ.

ಇನ್ನೊಂದು ನಾನು ನೋಡದೇ ಬಿಟ್ಟದ್ದು ಮೊಲೆತೊಟ್ಟು. ಎರಡು ಹಂದಿಗಳ ತೊಟ್ಟುಗಳು ಒಳಕ್ಕೆ ಸರಿದಿದ್ದವು. ಹಾಲು ಬರುವುದಿಲ್ಲ. ಹಂದಿಮರಿ ತನ್ನದೊಂದು ತೊಟ್ಟು ಹಿಡಿದುಕೊಂಡು ಅಲ್ಲೇ ಕುಡಿಯುವಂಥದ್ದು, ಸಿಗದಿದ್ದರೆ ಸೊರಗಿ ಸಾಯುತ್ತದೆ. ಈ ದೋಷವೂ ರಕ್ತದಲ್ಲಿ ಬರುತ್ತದೆ. ತರುವ ಮೊದಲು ಹೊಟ್ಟೆಯ ಕೆಳಗೆ ಕೈ ಹಾಕಿ ಎಣಿಸಿ. 14 ಇದ್ದರೆ ಒಳ್ಳೇದು, 12ಕ್ಕಿಂತ ಕಡಿಮೆ ಇದ್ದರೆ ಬೇಡ. ಗಂಡಿನದ್ದನ್ನೂ ಎಣಿಸಿ, ಅದರ ಹೆಣ್ಣುಮಕ್ಕಳಿಗೆ ಬರುವುದು ಅದರಿಂದಲೂ ತಾನೇ.

ಆ ಎರಡನ್ನೂ, ಗಂಡನ್ನೂ ಮಾಂಸಕ್ಕೆ ಕೊಟ್ಟೆ. ಬೇರೆ ಜಿಲ್ಲೆಯಿಂದ ಲ್ಯಾಂಡ್ರೇಸ್ ತಳಿಯ ಗಂಡು ತಂದೆ. ಉಳಿದ ನಾಲ್ಕು ಹೆಣ್ಣುಗಳು ಈ ಸಲ 9, 10, 8, 10 ಹಾಕಿವೆ. ಮರಿಗಳು ಗಟ್ಟಿಯಾಗಿವೆ.

ಮೊನ್ನೆ ಪಕ್ಕದೂರಿನ ಹುಡುಗ ಫೋನ್ ಮಾಡಿದ್ದ. "ಅಣ್ಣ, ಸಾಕಕ್ಕೆ ಎರಡು ಹೆಣ್ಣು, ಒಂದು ಗಂಡು ಕೊಡಿ." ಹೆಣ್ಣು ಕೊಡುತ್ತೇನೆ, ಕಿವಿಗೆ ನಂಬರ್ ಹಾಕಿ, ತಂದೆ ತಾಯಿ ಯಾವುದು ಅಂತ ಬರೆದೇ ಕೊಡುತ್ತೇನೆ ಅಂದೆ. ಗಂಡು ಮಾತ್ರ ನನ್ನ ಹತ್ತಿರ ತಗೋಬೇಡ ಅಂದೆ.