ಎಳೆಯ ಜಪಾನಿ ಮೇಪಲ್: ನೆಲಕ್ಕೋ, ಬುಟ್ಟಿಗೋ, ಕುಂಡಕ್ಕೋ?

ಬೋನ್ಸಾಯ್ ಮಾಡಲೆಂದು ಪೆನ್ಸಿಲ್ ದಪ್ಪದ ಮೇಪಲ್ ಸಸಿ ಕೈಗೆ ಬಂದಾಗ ಕೊಂಬೆಗಳ ಯೋಚನೆ ಬೇಡ. ಮರ ಕೊನೆಗೆ ಎಷ್ಟು ಎತ್ತರ ಇರಬೇಕು ಎಂಬುದನ್ನು ಮೊದಲು ತೀರ್ಮಾನಿಸಿ. ಎತ್ತರಕ್ಕೂ ಬುಡದ ದಪ್ಪಕ್ಕೂ 6:1ರ ಲೆಕ್ಕ ಬೋನ್ಸಾಯ್‌ನಲ್ಲಿ ರೂಢಿ. 20 ಸೆಂ.ಮೀ. ಮರಕ್ಕೆ 3ರಿಂದ 3.5 ಸೆಂ.ಮೀ. ಬುಡ ಸಾಕು, 40 ಸೆಂ.ಮೀ. ಮರಕ್ಕಾದರೆ 6–7 ಸೆಂ.ಮೀ. ಬೇಕು. ಸಸಿಯನ್ನು ಎಲ್ಲಿ ನೆಡಬೇಕೆಂಬುದು ಈ ಅಳತೆಯ ಮೇಲೆ ನಿಂತಿದೆ.

ಸಸಿಯನ್ನು ನೇರವಾಗಿ ಚಿಕ್ಕ ಬೋನ್ಸಾಯ್ ಕುಂಡಕ್ಕೆ ಹಾಕುವುದು ಎಲ್ಲರಿಗೂ ಇಷ್ಟ, ನೋಡಲು ಚೆಂದ. ಆದರೆ ಅಲ್ಲಿ ಕಾಂಡ ದಪ್ಪವಾಗುವುದು ಬಹುತೇಕ ನಿಂತೇಹೋಗುತ್ತದೆ. ಕಾಂಡಕ್ಕೆ ದಪ್ಪ ಬರುವುದು ಮೇಲೆ ಸ್ವಚ್ಛಂದವಾಗಿ ಓಡುವ ಚಿಗುರಿನಿಂದ. ಕುಂಡದಲ್ಲಿ ಬೇರಿಗೆ ಜಾಗವಿಲ್ಲ, ಮೇಲೆ ನಾವು ಚಿವುಟುತ್ತಲೇ ಇರುತ್ತೇವೆ. ಹಲವು ವರ್ಷ ಕಳೆದರೂ ಕಡ್ಡಿ ಕಡ್ಡಿಯಾಗಿಯೇ ಉಳಿಯುತ್ತದೆ. ಏಳೋ ಒಂಬತ್ತೋ ಸಸಿಗಳನ್ನು ಒಂದು ಚಪ್ಪಟೆ ತಟ್ಟೆಯಲ್ಲಿ ಕಾಡಿನಂತೆ ನೆಡುವುದಾದರೆ ಮಾತ್ರ ಈ ದಾರಿ ಸರಿ. ಅಲ್ಲಿ ಸಪೂರ ಕಾಂಡವೇ ಬೇಕು.

ನೆಲದಲ್ಲಿ ಬೆಳೆಸಿದರೆ ವೇಗಕ್ಕೆ ಸಾಟಿಯಿಲ್ಲ. ತಾಯಿಬೇರು ಕತ್ತರಿಸಿ, ಉಳಿದ ಬೇರುಗಳನ್ನು ಸುತ್ತಲೂ ಹರಡಿ, ಅಡಿಗೆ 30 ಸೆಂ.ಮೀ. ಚೌಕದ ಟೈಲ್ ಇಟ್ಟು ನೆಡಬೇಕು. ಟೈಲ್ ಇಲ್ಲದಿದ್ದರೆ ಬೇರು ಕೆಳಕ್ಕೆ ಓಡುತ್ತದೆ, ಬುಡ ಅಗಲಿಸುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ, ಮೊಗ್ಗು ಒಡೆಯುವ ಮೊದಲು, ಗಿಡ ಕಿತ್ತು ದಪ್ಪ ಬೇರುಗಳನ್ನು ಮೋಟು ಮಾಡಿ ಮತ್ತೆ ನೆಡಲೇಬೇಕು. ಈ ಕೆಲಸ ತಪ್ಪಿಸಿದರೆ ಒಂದು ಬೇರು ಹೆಬ್ಬೆರಳಿನಷ್ಟು ದಪ್ಪವಾಗಿ ಒಂದೇ ಕಡೆ ಚಾಚಿಕೊಂಡು, ನೆಬಾರಿ, ಅಂದರೆ ಬುಡದ ಬೇರಿನ ಹರವು, ಸೊಟ್ಟಗಾಗುತ್ತದೆ.

ನೆಲದ ಗಿಡದ ನಿಜವಾದ ತೊಂದರೆ ಕಾಂಡ ಕತ್ತರಿಸುವಾಗ ಕಾಣಿಸುತ್ತದೆ. ಬಯಸಿದ ಎತ್ತರದ ಮೂರನೇ ಒಂದು ಭಾಗದಲ್ಲಿ ಕತ್ತರಿಸಿ, ಅಲ್ಲಿಂದ ಹೊಸ ತುದಿ ಎಬ್ಬಿಸುವುದು ಕ್ರಮ. ಗಿಣ್ಣಿಗೆ ತಾಗಿಸಿ ಕತ್ತರಿಸಬೇಡಿ. ಮೇಪಲ್ ಕತ್ತರಿಸಿದ ಜಾಗದಿಂದ ಕೆಳಗಿನ ಗಿಣ್ಣಿನವರೆಗೆ ಒಣಗುವ ಜಾತಿ. ಮೇಲೆ ಒಂದೆರಡು ಸೆಂ.ಮೀ. ಮೋಟು ಬಿಟ್ಟು, ಹೊಸ ಚಿಗುರು ಬಲಿತ ಮೇಲೆ ಮುಂದಿನ ವರ್ಷ ಓರೆಯಾಗಿ ಸವರಿ ಗಾಯ ಮುಚ್ಚುವ ಪೇಸ್ಟ್ ಹಚ್ಚಿ. ಚಳಿಗಾಲದ ಕೊನೆಗೆ ಕತ್ತರಿಸಿದರೆ ರಸ ಸೋರುತ್ತದೆ. ಎಲೆ ಬಲಿತ ಮೇಲೆ, ಜೂನ್ ಮೊದಲ ಭಾಗದಲ್ಲಿ ಕತ್ತರಿಸಿದ ಗಾಯ ಬೇಗ ಮಾಯುವುದನ್ನು ಕಂಡಿದ್ದೇವೆ. ಹಾಗಿದ್ದರೂ 5 ಸೆಂ.ಮೀ. ಅಗಲದ ಗಾಯ ಮುಚ್ಚಲು ಹಲವು ವರ್ಷ ಬೇಕು, ಅಷ್ಟರಲ್ಲಿ ಒಳಗೆ ಕೊಳೆತರೂ ಕೊಳೆಯಬಹುದು. ನುಣುಪು ತೊಗಟೆಯ ಮರದಲ್ಲಿ ಇದು ಸಣ್ಣ ವಿಷಯವಲ್ಲ. ಟೋಕಿಯೋದ ಉಯೆನೊದಲ್ಲಿ ನಡೆಯುವ ಕೊಕುಫು ಬೋನ್ಸಾಯ್ ಪ್ರದರ್ಶನ ಫೆಬ್ರವರಿಯದ್ದು. ಮೇಪಲ್‌ಗಳು ಅಲ್ಲಿಗೆ ಬರುವುದು ಎಲೆ ಉದುರಿಸಿಕೊಂಡೇ; ಕಲೆ ಮರೆಮಾಡಲು ಏನೂ ಇರುವುದಿಲ್ಲ.

ಹಾಗಾಗಿ 25 ಸೆಂ.ಮೀ. ಒಳಗಿನ ಮರಕ್ಕೆ ನಮ್ಮ ಆಯ್ಕೆ ಬುಟ್ಟಿಯೇ. ಕೊಳದ ಗಿಡಗಳಿಗೆ ಬಳಸುವ ಜಾಲರಿ ಬುಟ್ಟಿ, ಅಗಲ 25–30 ಸೆಂ.ಮೀ., ಒಳಗೆ 3–6 ಮಿ.ಮೀ. ಕಾಳಿನ ಅಕಡಾಮಾ (ಜಪಾನಿನ ಜೇಡಿಮಣ್ಣಿನ ಹರಳು) ಮತ್ತು ಪ್ಯೂಮಿಸ್ (ಹಗುರ ಜ್ವಾಲಾಮುಖಿ ಕಲ್ಲು) ಸಮಪಾಲು. ಬೇರಿನ ತುದಿ ಜಾಲರಿಯ ತೂತಿಗೆ ಬಂದು ಗಾಳಿ ತಾಗಿ ಒಣಗುತ್ತದೆ, ಹಿಂದಿನಿಂದ ನಾಲ್ಕಾರು ಸಣ್ಣ ಬೇರು ಕವಲೊಡೆಯುತ್ತವೆ. ಬುಡದ ಹತ್ತಿರ, ಹಿಂಬದಿಯಲ್ಲಿ ಒಂದು, ಪಕ್ಕದಲ್ಲಿ ಒಂದು ಕೊಂಬೆಯನ್ನು ಮುಟ್ಟದೆ ಒಂದೂವರೆ ಮೀಟರ್‌ವರೆಗೆ ಓಡಲು ಬಿಡಿ. ಇವು ಕೊನೆಗೆ ಕತ್ತರಿಸಲೆಂದೇ ಬೆಳೆಸುವ ಕೊಂಬೆಗಳು. ಕೊಂಬೆ ತನ್ನ ಬುಡದಲ್ಲಿ ಒಂದೂವರೆ ಸೆಂ.ಮೀ. ದಪ್ಪ ದಾಟುವ ಮೊದಲೇ ತೆಗೆದು ಬೇರೊಂದನ್ನು ಓಡಿಸಿ. ಗಾಯ ಚಿಕ್ಕದು, ಬೇಗ ಮುಚ್ಚುತ್ತದೆ. ಕಾಂಡದ ಬುಡ ಮಾತ್ರ ದಪ್ಪವಾಗುತ್ತಾ ಹೋಗುತ್ತದೆ. ನೆಲಕ್ಕಿಂತ ನಿಧಾನ, ನಿಜ. ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ನೀರು ಬೇಕು. ಒಂದು ಮಧ್ಯಾಹ್ನ ಒಣಗಿದರೂ ಎಲೆಯ ಅಂಚು ಸುಟ್ಟು ಕಂದಾಗುತ್ತದೆ. ಕಡು ಚಳಿಯಲ್ಲಿ ಬೇರಿಗೆ ರಕ್ಷಣೆ ಕಡಿಮೆ, ಆದ್ದರಿಂದ ಬುಟ್ಟಿಯನ್ನು ನೆಲದಲ್ಲಿ ಹೂತಿಡಿ, ಇಲ್ಲವೇ ಬಿಸಿಯಿಲ್ಲದ ಶೆಡ್‌ಗೆ ಸೇರಿಸಿ.

ಎಲ್ಲಿ ಬೆಳೆಸಿದರೂ ಕಾಂಡದ ಕೆಳಗಿನ ಬಾಗು ಸಸಿಯ ಮೊದಲ ಎರಡು ವರ್ಷದಲ್ಲೇ ಆಗಬೇಕು, ಆಮೇಲೆ ಬಗ್ಗದು. 2 ಮಿ.ಮೀ. ಅಲ್ಯೂಮಿನಿಯಂ ತಂತಿ ಸುತ್ತಿ ಬಗ್ಗಿಸಿ, ಮೇ ತಿಂಗಳಿಂದ ವಾರಕ್ಕೊಮ್ಮೆ ನೋಡಿ. ತಂತಿ ತೊಗಟೆಯೊಳಗೆ ಕಚ್ಚುವ ಮೊದಲೇ ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ, ಬಿಚ್ಚಲು ಹೋಗಬೇಡಿ. ವಸಂತದಲ್ಲಿ ಮೊದಲ ಜೋಡಿ ಎಲೆ ಬಿಚ್ಚುವಾಗ ನಡುವಿನ ಎಳೆ ತುದಿಯನ್ನು ಚಿಮಟದಿಂದ ಕೀಳುವ ಕೆಲಸ, ಗಿಣ್ಣುಗಳ ಅಂತರ ಕಡಿಮೆ ಮಾಡುವುದಕ್ಕೆ. ಅದನ್ನು ಕಾಂಡ ಸಾಕಷ್ಟು ದಪ್ಪವಾದ ಮೇಲಷ್ಟೇ ಆರಂಭಿಸಿ. ಈ ತಿಂಗಳುಗಳು ಉತ್ತರಾರ್ಧಗೋಳದ್ದು; ಮೆಲ್ಬರ್ನ್‌ನಲ್ಲಿರುವವರು ಆರು ತಿಂಗಳು ಸೇರಿಸಿಕೊಳ್ಳಿ. ಬೆಂಗಳೂರಿನ ಚಳಿ ಈ ಮರದ ನಿದ್ದೆಗೆ ಸಾಲದು, ವರ್ಷ ವರ್ಷ ಸೊರಗುತ್ತದೆ. ಅಲ್ಲಿ ಬಸರಿಯೋ ಗೋಣಿಯೋ ಬೆಳೆಸುವುದು ಮೇಲು.

ನರ್ಸರಿಯಿಂದ ತಂದ ಕಸಿ ಗಿಡವಾದರೆ ಲೆಕ್ಕ ಬೇರೆ. ದೆಶೋಜೋದಂಥ ತಳಿಗಳಲ್ಲಿ ಕಸಿಯ ಗಂಟು ಜೀವನಪರ್ಯಂತ ಕಾಣುತ್ತದೆ. ಎಲೆ ಬಲಿತ ಮೇಲೆ ಗಂಟಿನ ಮೇಲ್ಗಡೆ ಗೂಟಿ ಕಟ್ಟಿ, ಅಂದರೆ ಕಾಂಡಕ್ಕೆ ಅಲ್ಲೇ ಹೊಸ ಬೇರು ಬರಿಸಿ: ಕಾಂಡದ ದಪ್ಪದ ಒಂದೂವರೆ ಪಟ್ಟು ಅಗಲಕ್ಕೆ ತೊಗಟೆಯನ್ನು ಉಂಗುರದಂತೆ ತೆಗೆದು, ಹಸಿರು ಪದರ ಉಳಿಯದಂತೆ ಕೆರೆದು, ಮೇಲಂಚಿಗೆ ಬೇರು ಬರಿಸುವ ಹಾರ್ಮೋನ್ ಸವರಿ, ಹಿಂಡಿದ ಸ್ಫ್ಯಾಗ್ನಮ್ ಪಾಚಿ ಸುತ್ತಿ ಪ್ಲಾಸ್ಟಿಕ್ ಬಿಗಿಯಿರಿ. ಕೆರೆಯುವುದು ಅರೆಬರೆಯಾದರೆ ತೊಗಟೆ ಮತ್ತೆ ಬೆಸೆದುಕೊಂಡು ಬೇರೇ ಬರುವುದಿಲ್ಲ. ಬೇರು ಪಾಚಿ ತುಂಬಿ ಕಂದುಬಣ್ಣಕ್ಕೆ ತಿರುಗುವವರೆಗೆ ಕಾದು ಬೇರ್ಪಡಿಸಿ.

ಎರಡು ತಳಿಗಳಿಗೆ ಮೇಲಿನ ಕ್ರಮ ಹಾಗೇ ಹೊಂದುವುದಿಲ್ಲ. ಅರಕಾವದ ಒರಟು ತೊಗಟೆ ದೊಡ್ಡ ಗಾಯವನ್ನೂ ಅಡಗಿಸುವುದರಿಂದ ಅದನ್ನು ಧೈರ್ಯವಾಗಿ ನೆಲದಲ್ಲಿ ಬೆಳೆಸಿ ಕತ್ತರಿಸಬಹುದು. ಕಿಯೊಹಿಮೆ ಅಡ್ಡಡ್ಡ ಬೆಳೆಯುವ ಗಿಡ, ನೆತ್ತಿಯಲ್ಲಿ ಬಲವಿಲ್ಲ. ಕಾಂಡ ಕತ್ತರಿಸಿ ಹೊಸ ತುದಿ ಎಬ್ಬಿಸಲು ಹೊರಟರೆ ತುದಿ ಏಳುವುದೇ ಕಷ್ಟ, ಅದನ್ನು ಬೀಸಣಿಗೆಯಾಕಾರದ ಹಲವು ಕಾಂಡದ ಮರವಾಗಿ ಬುಟ್ಟಿಯಲ್ಲೇ ಬೆಳೆಸಿ.