ರೇಡಾನ್ ತಗ್ಗಿಸಲು ಫ್ಯಾನ್ ಹೊರಮುಖವೋ, ಒಳಮುಖವೋ?

ಬಸವನಗುಡಿಯ ನಮ್ಮ ಹಳೆಯ ಮನೆಯಲ್ಲಿ ರೇಡಾನ್ ತಗ್ಗಿಸಲು ಮಾಡಿದ ಪ್ರಯತ್ನಗಳ ಪೈಕಿ ಕೊನೆಗೆ ಉಳಿದದ್ದು, ಹೊರಗಿನ ಗಾಳಿಯನ್ನು ಒಳಕ್ಕೆ ನೂಕುವ ಒಂದು ಸಣ್ಣ ಫ್ಯಾನ್. ನೆಲದಡಿಯ ಕಲ್ಲುಮಣ್ಣಿನಲ್ಲಿರುವ ಅತ್ಯಲ್ಪ ಯುರೇನಿಯಂನಿಂದ ಹುಟ್ಟುವ, ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ, ಶ್ವಾಸಕೋಶದ ಕ್ಯಾನ್ಸರಿನ ಅಪಾಯ ತರುವ ಈ ವಿಕಿರಣಶೀಲ ಅನಿಲಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು ಘನ ಮೀಟರ್ ಗಾಳಿಗೆ 100 ಬೆಕರೆಲ್ (ವಿಕಿರಣಶೀಲತೆಯ ಅಳತೆಮಾನ) ಮಟ್ಟವನ್ನು ಸೂಚಿಸಿದ್ದು, ಅದು ಸಾಧ್ಯವಾಗದ ಕಡೆಯೂ 300 ದಾಟಬಾರದೆಂದಿದೆ. ನಾನು ರಾತ್ರಿ ಓದುತ್ತ ಕೂರುವ ಹಿಂದಿನ ಕೋಣೆಯಲ್ಲಿ ರೇಡಾನ್ ಅಳೆಯುವ ಮೀಟರು ಬೆಳಗಿನ ಜಾವ 210 ತೋರಿಸುತ್ತಿತ್ತು.

ಮೊದಲು ಈ ಅನಿಲ ಒಳನುಸುಳುವ ನೆಲದ ಬಿರುಕುಗಳಿಗೆ ಸಿಲಿಕೋನ್ ಅಂಟು ತುಂಬಿಸಿದೆ. ಅಂಕಿ ತುಸು ಇಳಿಯಿತು, ಅಷ್ಟೇ. ಏರ್ ಪ್ಯೂರಿಫೈಯರ್ ಧೂಳನ್ನು ಹಿಡಿಯುತ್ತದೆಯೇ ಹೊರತು ರೇಡಾನ್ ಅನಿಲವನ್ನಲ್ಲ. ಆ ದುಡ್ಡು ದಂಡವಾಯಿತು.

ನಿಜವಾದ ತಲೆನೋವು ತಂದದ್ದು ಎಕ್ಸಾಸ್ಟ್ ಫ್ಯಾನ್. ಕೆಟ್ಟ ಗಾಳಿ ಹೊರಹೋದರೆ ಸಾಕೆಂಬ ಸರಳ ಲೆಕ್ಕಾಚಾರದಲ್ಲಿ ಅದನ್ನು ಕೂರಿಸಿ, ಸೊಳ್ಳೆಗೆ ಹೆದರಿ ಕಿಟಕಿ ಬಾಗಿಲುಗಳನ್ನು ಮುಚ್ಚಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಮೀಟರು 260ಕ್ಕೆ ಏರಿತ್ತು. ಮೀಟರೇ ಕೆಟ್ಟಿದೆಯೆಂದು ಅಂಗಡಿಯವರೊಡನೆ ವಾದಿಸಿಯೂ ಬಂದೆ. ಕೊನೆಗೆ ನೆಲದಲ್ಲಿ ಹೂತಿರುವ ಒರಳುಕಲ್ಲಿನ ಅಂಚಿಗೆ ಊದುಬತ್ತಿ ಹಿಡಿದಾಗ ಕಾರಣ ತಿಳಿಯಿತು: ಸಿಲಿಕೋನ್ ತಲುಪದ ಆ ಸಂದಿನಿಂದ ಬರುತ್ತಿದ್ದ ಗಾಳಿಯು ಹೊಗೆಯನ್ನು ಕೋಣೆಯತ್ತ ತಳ್ಳುತ್ತಿತ್ತು. ಫ್ಯಾನ್ ಹೊರಹಾಕಿದ ಗಾಳಿಯ ಜಾಗ ತುಂಬಲು ಬೇರೆ ದಾರಿಯಿಲ್ಲದೆ, ಕೋಣೆಯು ನೆಲದಡಿಯ ಗಾಳಿಯನ್ನೇ ಎಳೆದುಕೊಳ್ಳುತ್ತಿತ್ತು. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಫ್ಯಾನನ್ನು ಒಳಮುಖವಾಗಿ ತಿರುಗಿಸಿ ಕೂರಿಸಿದ ಮೇಲೆ ಅದೇ ಹೊಗೆ ಸಂದಿನೊಳಕ್ಕೆ ಇಳಿಯತೊಡಗಿತು. ವಾರದ ಸರಾಸರಿ 90ರ ಆಸುಪಾಸಿಗೆ ಬಂದು ನಿಂತಿತು.

ಜಯನಗರದ ಅಕ್ಕನ ಮನೆಯಲ್ಲಿ ನೆಲ ಕೊರೆದು, ನಾಲ್ಕು ಇಂಚಿನ ಪಿವಿಸಿ ಪೈಪನ್ನು ತಾರಸಿಯ ಮೇಲಿನವರೆಗೆ ಒಯ್ದು, ನೆಲದಡಿಯ ಗಾಳಿಯನ್ನು ಫ್ಯಾನಿನಿಂದ ಸೆಳೆದು ಹೊರಬಿಡುವ ವ್ಯವಸ್ಥೆ ಮಾಡಿಸಿದ್ದಾರೆ. ಅಂಕಿಗಳನ್ನಷ್ಟೇ ನೋಡಿದರೆ ಅದೇ ಮೇಲು, ಅಲ್ಲಿ 40 ದಾಟುವುದು ಅಪರೂಪ. ಆದರೆ ಅದಕ್ಕೆ ತಗುಲಿದ ಖರ್ಚು ನನ್ನ ಕೈಗೆಟುಕುವಂಥದ್ದಲ್ಲ. ಅಲ್ಲದೆ ತಾತ ಹಾಕಿಸಿದ ರೆಡ್ ಆಕ್ಸೈಡ್ ನೆಲವನ್ನು ಕೊರೆಸಿದರೆ ಆ ಬಣ್ಣಕ್ಕೆ ಸರಿಹೊಂದುವ ತೇಪೆ ಹಾಕುವ ಗಾರೆಯವರು ಈಗ ಸಿಗುವುದೂ ಕಷ್ಟ. 300 ದಾಟಿದ್ದರೆ ಹೀಗೆ ಹಟ ಹಿಡಿಯುತ್ತಿರಲಿಲ್ಲ.

ಒಳಮುಖದ ಫ್ಯಾನ್ ರಸ್ತೆಯ ಧೂಳನ್ನೂ ತರುವುದರಿಂದ ಅದರ ಹಿಂದಿನ ಜಾಲರಿಯನ್ನು ಪ್ರತಿ ಭಾನುವಾರ ತೊಳೆಯುತ್ತೇನೆ. ಕರೆಂಟ್ ಹೋದ ರಾತ್ರಿ ಸೊಳ್ಳೆಪರದೆ ಇಳಿಬಿಟ್ಟು ಕಿಟಕಿ ತೆರೆದಿಡುತ್ತೇನೆ.