ಟೆಕ್ಸೋಮಾದ ಮೀನು ಗೈಡ್: ಹಿಡಿಸಿದ್ದು ಚೆಂದ, ಕೊಯ್ದದ್ದು ಅಷ್ಟಕ್ಕಷ್ಟೇ

ಡಲ್ಲಾಸ್‌ನಿಂದ ಬೆಳಗಿನ ಜಾವವೇ ಹೊರಟು ಟೆಕ್ಸಾಸ್-ಓಕ್ಲಹೋಮಾ ಗಡಿಯ ಟೆಕ್ಸೋಮಾ ಸರೋವರ ಸೇರಿದೆವು. ಗೈಡ್ ಹುಷಾರಿ. ತಾನೇ ಬಲೆ ಬೀಸಿ ಹಿಡಿದಿದ್ದ ಸಣ್ಣ ಶ್ಯಾಡ್ ಮೀನುಗಳನ್ನು ಜೀವಂತವಾಗಿಯೇ ಗಾಳಕ್ಕೆ ಚುಚ್ಚಿಕೊಟ್ಟ; ಹತ್ತು ಗಂಟೆಯೊಳಗೆ ನಾನೂ ಭಾವನೂ 14 ಸ್ಟ್ರೈಪ್ಡ್ ಬಾಸ್ (ಮೈಮೇಲೆ ಪಟ್ಟೆಯಿರುವ ಮೀನು) ಎಳೆದೆವು. ದಿನಕ್ಕೆ ತಲೆಗೆ 10 ಮೀನು, ಅದರಲ್ಲಿ 20 ಇಂಚು ಅಥವಾ ಅದಕ್ಕಿಂತ ಉದ್ದದವು ಎರಡೇ ಎಂಬ ನಿಯಮ. ಅಳೆದೇ ಪೆಟ್ಟಿಗೆಗೆ ಹಾಕಿದ.

ದೂರಿರುವುದು ಅವನು ಮೀನು ಕೊಯ್ದ ರೀತಿಯ ಬಗ್ಗೆ. ಬದಿಯ ಕೆಂಪು ಮಾಂಸ ಹಾಗೇ ಬಿಟ್ಟಿದ್ದ. ಅದು ಉಳಿದರೆ ಒಂದು ಥರಾ ವಾಸನೆ. ಮನೆಯಲ್ಲಿ ಕೂತು ಅಷ್ಟನ್ನೂ ಕೆತ್ತಿ ತೆಗೆದೆ. ಬ್ಯಾಡಗಿ ಮೆಣಸು, ಹುಣಸೆಹುಳಿ, ಬೆಳ್ಳುಳ್ಳಿ ಅರೆದು ಹಚ್ಚಿ, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿದೆ. ನಮ್ಮೂರ ಕಾಣೆ ಮೀನಿಗೆ ಸಮ ಅಲ್ಲ ಬಿಡಿ, ಆದರೂ ಭಾವ ಏಳು ತುಂಡು ತಿಂದರು. ಗೈಡ್ ತಲೆಗಳನ್ನೆಲ್ಲ ಕಸಕ್ಕೆ ಎಸೆದನೆಂದು ನನ್ನವಳು ಇನ್ನೂ ಗೊಣಗುತ್ತಿದ್ದಾಳೆ, ಮೀನುಸಾರು ಮಾಡೋಕೆ ಬೇಕಿತ್ತಂತೆ.